ಮೋತಿಗೆ ಕಲಿಸಿದ ಮಾಸ್ತರ

ಮೋತಿ ಉಪವಾಸ ಮಾಡಲಿಲ್ಲ. ಅದಕ್ಕೆ ತಿನ್ನಲು ಬಿಟ್ಟಿರಲಿಲ್ಲ, ಅಷ್ಟೇ. ಬಿಡದಿದ್ದವನು ಅದನ್ನು ಸಾಕಿದ ಯಜಮಾನ, ನಮ್ಮ ಪಕ್ಕದ ಮನೆಯ ಡ್ರಿಲ್ ಮಾಸ್ತರ. ಉಳಿದದ್ದೆಲ್ಲ ಜನ ಕೂತು ಹೆಣೆದ ಕಥೆ.

ಹೋದ ತಿಂಗಳು ಮಾಸ್ತರ ತೀರಿಕೊಂಡ. ಮಣ್ಣು ಮಾಡಿ ಬಂದವರು ಸ್ನಾನಕ್ಕೆ ಹೋಗುವ ಮೊದಲೇ ನಮ್ಮ ಗಿರಣಿಯ ಮುಂದೆ ನಿಂತು ಶುರು ಮಾಡಿದರು. ‘ಎಂಥಾ ನಾಯಿ ಸಾಕಿದ್ದನಪಾ! ಯಜಮಾನ ಊರಾಗಿಲ್ಲಂತ ಅನ್ನ ಬಿಟ್ಟಿತ್ತು ನೋಡು. ಮನಷ್ಯಾರು ಬಿಡ್ತಾರೇನು?’ ಹೀಗೆ ಹೇಳಿದವರಲ್ಲಿ ಇಬ್ಬರು ಅಂದು ನಡೆದದ್ದನ್ನು ಕಣ್ಣಾರೆ ಕಂಡವರು. ಕಂಡದ್ದನ್ನು ಮರೆತಿದ್ದಾರೆ. ಕೇಳಿದ್ದು ನೆನಪಿದೆ. ಈಗ ಅವನು ಕೆಲಸ ಮಾಡಿದ ಶಾಲೆಯವರು ಅವನ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. ‘ಗ್ವಾಡಿಗೆ ಗ್ವಾಡಿ ಹಚ್ಚಿ ಇದ್ದವರು ನೀವು. ನಾಯಿ ಕಥಿ ನೀವೇ ಬರದು ಕೊಡ್ರಿ ಆಯಿ’ ಎಂದು ಕೇಳಿಕೊಂಡು ಹೋದರು. ಕೊಡುತ್ತೇನೆ. ಹಾಕುವುದು ಬಿಡುವುದು ಅವರ ಇಷ್ಟ.

ನಾನು ಓದಿದ್ದು ಮೂರನೆಯ ಇಯತ್ತೆ, ಅದೂ ಉರ್ದುವಿನಲ್ಲಿ. ಕನ್ನಡದ ಅಕ್ಷರಗಳನ್ನು ನನ್ನ ಮಕ್ಕಳ ಪಾಟಿ ನೋಡಿ ತಿದ್ದಿಕೊಂಡೆ. ಮಾಸ್ತರ ಬದುಕಿದ್ದಾಗ ಎದುರಿಗೆ ‘ರೀ’ ಹಚ್ಚಿಯೇ ಮಾತಾಡಿದ್ದೇನೆ. ಇಲ್ಲಿ ‘ಅವನು’ ಎಂದೇ ಬರೆಯುತ್ತೇನೆ. ಅಷ್ಟು ವರ್ಷ ಅವನ ಸೀಟಿ ಕೇಳಿದವಳಿಗೆ ಅಷ್ಟಾದರೂ ಹಕ್ಕು ಬೇಡವೆ?

ಬೀದರ ಜಿಲ್ಲೆ ಮೈಸೂರಿನ ಕಡೆಗೆ ಸೇರಿ, ಶಾಲೆಗಳಲ್ಲಿ ಉರ್ದು ಹೋಗಿ ಕನ್ನಡ ಬಂದ ಹೊಸತರಲ್ಲಿ ನಾನು ಮದುವೆಯಾಗಿ ಕಲ್ಯಾಣಕ್ಕೆ ಬಂದೆ. ನನ್ನ ಗಂಡನದು ಹಿಟ್ಟಿನ ಗಿರಣಿ. ಪಕ್ಕದ ಮನೆ ಮಾಸ್ತರನದು. ಎರಡೂ ಮನೆಯ ಮಣ್ಣಿನ ಮಾಳಿಗೆ ಒಂದಕ್ಕೊಂದು ಕೂಡಿಕೊಂಡಿದ್ದವು. ನಡುವೆ ಮೊಣಕಾಲೆತ್ತರದ ಗೋಡೆ. ಅದು ನಾಯಿಗೆ ಗೋಡೆಯೇ ಅಲ್ಲ.

ಮಾಸ್ತರ ಗಿಡ್ಡ ಆಳು. ಖಾಕಿ ಚಡ್ಡಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ. ನಡೆಯುವಾಗ ಹಿಮ್ಮಡಿ ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಯಾವಾಗಲೂ ಯಾರನ್ನೋ ಹಿಂದಿನಿಂದ ಹೋಗಿ ಹಿಡಿಯುವವನ ಹಾಗೆ ನಡೆಯುತ್ತಿದ್ದ. ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ ಸೀಟಿ. ಕೆಲಸದಿಂದ ಇಳಿದ ಮೇಲೂ ಚಡ್ಡಿ ಹೋಗಲಿಲ್ಲ, ಸೀಟಿಯೂ ಹೋಗಲಿಲ್ಲ. ಶಾಲೆಯಲ್ಲಿ ಹುಡುಗರು ತಪ್ಪು ಹೆಜ್ಜೆ ಹಾಕಿದರೆ ಹೊಡೆಯುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ ತಪ್ಪಿದವನನ್ನು ಮಾತ್ರ ಎದುರಿಗೆ ನಿಲ್ಲಿಸುತ್ತಿದ್ದ. ‘ಹಸಿವೇ ಮಾಸ್ತರ. ನಾ ಬರೇ ಜವಾನ’ ಎನ್ನುತ್ತಿದ್ದ. ಈ ಮಾತನ್ನು ಜನ ಈಗಲೂ ದೊಡ್ಡ ವಚನವೆಂಬಂತೆ ಹೇಳುತ್ತಾರೆ. ನನ್ನ ದೊಡ್ಡ ಮಗ ಹಾಗೆ ನಿಂತು ಬಂದವನು. ಮನೆಗೆ ಬಂದು ನಾಲ್ಕು ರೊಟ್ಟಿ ತಿಂದು ಮಾತಾಡದೆ ಮಲಗಿದ್ದ. ನನಗೆ ಅದು ವಚನವಲ್ಲ.

ನಾಯಿಗಳಿಗೂ ಅದೇ ಪಾಠ. ಮೊದಲನೆಯದರ ಹೆಸರು ಟೈಗರ್. ಊರ ನಾಯಿಯೇ, ಮಣ್ಣಿನ ಬಣ್ಣದ್ದು. ಅದಕ್ಕೆ ಅವನು ಏನು ಕಲಿಸಲಿಲ್ಲ! ‘ಸಾವಧಾನ್’ ಎಂದರೆ ನೆಟ್ಟಗೆ ಕೂಡುತ್ತಿತ್ತು. ‘ಶರಣು ಮಾಡು’ ಎಂದರೆ ಮುಂಗಾಲು ಎರಡೂ ಕೂಡಿಸುತ್ತಿತ್ತು. ‘ಸಾಯಿ’ ಎಂದರೆ ನಾಲಗೆ ಹೊರಗೆ ಚೆಲ್ಲಿ ಸತ್ತ ಹಾಗೆ ಬೀಳುತ್ತಿತ್ತು. ಓಣಿಯ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಮೊದಮೊದಲು ನಾನೂ ನಕ್ಕಿದ್ದೇನೆ. ನಗು ಬರುವಂತೆಯೇ ಇತ್ತು.

ಆಮೇಲೆ ನಗು ಇಳಿಯಿತು. ಚಪ್ಪಲಿ ತರುವುದನ್ನು ಕಲಿಸಿದ. ಯಾರ ಚಪ್ಪಲಿ ಎನ್ನುವುದನ್ನು ಕಲಿಸಲಿಲ್ಲ. ಮಠದ ಮುಂದೆ ಬಿಟ್ಟ ನನ್ನ ಹೊಸ ಚಪ್ಪಲಿಯನ್ನು ಎತ್ತಿಕೊಂಡು ಹೋಗಿ ಅವನ ಪಾದದ ಹತ್ತಿರ ಇಟ್ಟಿತು. ಬಿಸಿಲಲ್ಲಿ ಬರಿಗಾಲಲ್ಲಿ ಬಂದು ಕೇಳಿದೆ.

‘ಮಾಸ್ತರ್ರ, ನನ್ನ ಚಪ್ಪಲಿ ಕೊಡ್ರಿ.’

‘ಮೊದಲ ಟೈಗರ್‌ಗೆ ಶಾಬಾಸ್ ಅನ್ರಿ ಗಿರಣಿಬಾಯಿ. ಅಷ್ಟ ದೂರದಿಂದ ಒಂದ ಹಲ್ಲೂ ಊರದ ತಂದದ.’

‘ನಾ ಅಷ್ಟ ದೂರದಿಂದ ಕಾಲ ಸುಟ್ಕೊಂಡ ಬಂದೀನಿ. ನನಗ ಯಾರ ಶಾಬಾಸ್ ಅಂತಾರ?’

ಅದಕ್ಕಿಂತ ಕೆಟ್ಟದ್ದು ನಳದ ಸರದಿ. ಓಣಿಗೆಲ್ಲ ಒಂದೇ ನಳ. ನೀರು ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು. ಮಾಸ್ತರ ನಾಯಿಯ ಬಾಯಿಗೆ ಒಂದು ತಂಬಿಗೆ ಕೊಟ್ಟು ಕಳಿಸುತ್ತಿದ್ದ. ಅದು ಬಂದು ತಂಬಿಗೆಯನ್ನು ಎಲ್ಲಕ್ಕಿಂತ ಮುಂದೆ ಇಟ್ಟು ಪಕ್ಕದಲ್ಲಿ ಕೂಡುತ್ತಿತ್ತು. ಯಾರಾದರೂ ತಂಬಿಗೆ ಮುಟ್ಟಿದರೆ ಹಲ್ಲು ತೋರಿಸುತ್ತಿತ್ತು. ಕೋಳಿ ಕೂಗುವಾಗ ಎದ್ದು ಬಂದ ಹೆಂಗಸರು ಕೊಡ ಹಿಡಿದು ಹಿಂದೆ ನಿಂತಿರುತ್ತಿದ್ದರು. ಅವನ ಹೆಂಡತಿ ಆಮೇಲೆ ಬಂದು ತಲೆ ತಗ್ಗಿಸಿಕೊಂಡು ನೀರು ತುಂಬಿಕೊಳ್ಳಬೇಕು. ನಾವು ಬೈದದ್ದೆಲ್ಲ ಅವಳಿಗೆ ತಾಗುತ್ತಿತ್ತು. ನಾಯಿಗೆ ಬೈದರೆ ಏನು ಬಂತು? ಮಾಸ್ತರನಿಗೆ ಬೈಯುವ ಧೈರ್ಯ ಗಂಡಸರಿಗೂ ಇರಲಿಲ್ಲ. ಅರ್ಧ ಊರು ಅವನ ಕೈಕೆಳಗೆ ಬಿಸಿಲಲ್ಲಿ ನಿಂತು ಬೆಳೆದದ್ದು.

ಅವಳನ್ನು ನಾನು ವೈನಿ ಎನ್ನುತ್ತಿದ್ದೆ. ನನಗಿಂತ ದೊಡ್ಡವಳು, ಮಾತು ಕಡಿಮೆ. ಅವರ ಮನೆಯಲ್ಲಿ ಸೀಟಿ ಒಮ್ಮೆ ಊದಿದರೆ ನಾಯಿಗೆ, ಎರಡು ಸಲ ಊದಿದರೆ ವೈನಿಗೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ನಮ್ಮ ಅಡಿಗೆ ಮನೆಗೆ ಕೇಳಿಸುತ್ತಿತ್ತು. ಎರಡು ಸಲ ಊದಿದ ಕೂಡಲೇ ಚಹಾದ ಕಪ್ಪು ಬಸಿಯ ಸಪ್ಪಳ. ‘ನಿಮಗ ಹೆಸರಿಲ್ಲೇನ್ರಿ ವೈನಿ?’ ಎಂದು ಒಮ್ಮೆ ಕೇಳಿದೆ. ‘ಒದರೂದಕ್ಕಿಂತ ಛಲೋ ಅಲ್ಲೇನು ತಂಗಿ? ಬೈಗಳಾ ಇರಂಗಿಲ್ಲ ಅದರಾಗ’ ಎಂದಳು. ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಹಿಟ್ಟಿನ ಡಬ್ಬಿಯನ್ನು ನೆಲಕ್ಕೆ ಕುಕ್ಕಿ ಬಂದೆ.

ಅವನಿಗೆ ಸಲ್ಲಬೇಕಾದದ್ದನ್ನೂ ಹೇಳಬೇಕು. ಟೈಗರ್ ಸತ್ತ ದಿನ ನಾನು ಅವನನ್ನು ನೋಡಿದ್ದೇನೆ. ಬೀದಿ ನಾಯಿ ಹೆಚ್ಚಾದವೆಂದು ಊರಲ್ಲಿ ವಿಷ ಹಾಕಿಸಿದ್ದರು. ಯಾರೋ ಬಜ್ಜಿಯಲ್ಲಿಟ್ಟು ಕೈಯಾರೆ ತಿನ್ನಿಸಿದ್ದರು. ಟೈಗರ್ ಮುಂಗಾಲು ಕೂಡಿಸಿ ಶರಣು ಮಾಡಿಯೇ ತಿಂದಿತಂತೆ. ಮನೆಯ ಮುಂದೆ ಬಂದು ಬಿದ್ದು ಒದ್ದಾಡಿತು. ಮಕ್ಕಳು ಆಟವೆಂದುಕೊಂಡರು. ಮಾಸ್ತರ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಡು ಓಣಿಯಲ್ಲಿ ಕೂತು ಹೋ ಎಂದು ಅತ್ತ. ಇಸ್ತ್ರಿ ಅಂಗಿಯ ತುಂಬ ನೊರೆ. ಆ ಅಳು ಸುಳ್ಳಾಗಿರಲಿಲ್ಲ. ಅಂದು ನಾನೇ ಅವನಿಗೆ ನೀರು ಕೊಟ್ಟೆ.

ಆದರೆ ಅತ್ತವನು ಅಳುವುದು ಮುಗಿದ ಮೇಲೆ ಏನು ಮಾಡುತ್ತಾನೆ ಎನ್ನುವುದನ್ನೂ ನೋಡಬೇಕು.

ಆಮೇಲೆ ತಂದದ್ದು ಮೋತಿಯನ್ನು. ಬಿಳಿ ಮರಿ, ಒಂದು ಕಿವಿ ಮಾತ್ರ ಕಪ್ಪು. ‘ಇದಕ ನನ್ನ ಕೈ ಬಿಟ್ಟು ಯಾರ ಕೈಲೆ ತಿನ್ನದಂಗ ಮಾಡ್ತೀನಿ’ ಎಂದು ಓಣಿಗೆಲ್ಲ ಸಾರಿದ. ದಿನಾ ಹೊತ್ತಾದ ಮೇಲೆ ಮರಿಯನ್ನು ಎತ್ತಿಕೊಂಡು ಮಾಳಿಗೆ ಹತ್ತುತ್ತಿದ್ದ. ಏಣಿಯ ಬಾಗಿಲು ಹಾಕಿಕೊಂಡು ಅಲ್ಲಿಯೇ ತಿನ್ನಿಸುತ್ತಿದ್ದ. ವೈನಿಯೂ ಹೋಗುವ ಹಾಗಿಲ್ಲ. ನಾನು ಒಣಗಲು ಹಾಕಿದ ಹಪ್ಪಳ ತೆಗೆಯಲು ಹತ್ತಿದರೆ, ‘ಇಳೀರಿ ಗಿರಣಿಬಾಯಿ, ಶಾಲಿ ನಡದದ’ ಎಂದು ನನ್ನ ಮಾಳಿಗೆಯಿಂದ ನನ್ನನ್ನೇ ಇಳಿಸುತ್ತಿದ್ದ. ಬೆಳಿಗ್ಗೆ ಹೋಗಿ ನೋಡಿದರೆ ಹಪ್ಪಳದ ಮೇಲೆಲ್ಲ ನಾಯಿಯ ಹೆಜ್ಜೆ.

ಮಳೆಗಾಲ ಒಂದು ಕಳೆಯುವುದರೊಳಗೆ ಮೋತಿ ತಯಾರಾಯಿತು. ಆಮೇಲೂ ಅದರ ಊಟ ಮಾತ್ರ ಮಾಳಿಗೆಯ ಮೇಲೆ, ಬಾಗಿಲು ಹಾಕಿಕೊಂಡೇ. ನೆಲದ ಮೇಲೆ ಹಾಕಿದ್ದನ್ನು ಮೂಸುವುದಿಲ್ಲ. ಪರಾತದಲ್ಲಿ ಇಟ್ಟದ್ದನ್ನು ಮುಟ್ಟುವುದಿಲ್ಲ. ಯಾರು ಕೈಯಲ್ಲಿ ಹಿಡಿದು ಕೊಟ್ಟರೂ ಮುಖ ತಿರುಗಿಸುತ್ತದೆ. ನೀರು ಮಾತ್ರ ಎಲ್ಲಿ ಸಿಕ್ಕರೂ ಕುಡಿಯುತ್ತದೆ. ಜನ ಪೇಡೆ ತಂದು ಹಿಡಿದರು, ರೊಟ್ಟಿಗೆ ಬೆಲ್ಲ ತುಪ್ಪ ಕಲಸಿದ ಮಾಲ್ದಿ ಹಿಡಿದರು. ಮಾಸ್ತರ ಎದೆ ಉಬ್ಬಿಸಿ ನೋಡುತ್ತಿದ್ದ. ಹ್ಯಾಂಗ ಕಲಿಸಿದ್ರಿ ಎಂದು ಕೇಳಿದವರಿಗೆ ಒಂದೇ ಮಾತು: ‘ತಾಲೀಮಿನ್ಯಾಗ ಉಸ್ತಾದ ಎಲ್ಲಾ ಪಟ್ಟು ಹೇಳಿಕೊಡ್ತಾನ. ಒಂದು ತನ್ನ ಹಂತ್ಯಾಕ ಇಟ್ಕೋತಾನ. ಅದನ್ನ ಕೊಟ್ಟ ಅಂದ್ರ ಅಂವ ಉಸ್ತಾದ ಅಲ್ಲ.’ ಚಿಕ್ಕವನಿದ್ದಾಗ ಕುಸ್ತಿ ಆಡಿದವನು. ಕಲಿತು ಬಂದದ್ದು ಅದೊಂದೇ ಎಂದು ಕಾಣುತ್ತದೆ.

ಮಗಳನ್ನು ಹುಮನಾಬಾದಿಗೆ ಕೊಟ್ಟ. ಅಳಿಯನದು ಮಾರ್ಕೆಟ್ಟಿನಲ್ಲಿ ಕಾಳಿನ ಅಡತಿ ಅಂಗಡಿ. ಒಂದು ವರ್ಷ ತೊಗರಿಯ ಸುಗ್ಗಿಯಲ್ಲಿ ಅಳಿಯ ಹೇಳಿ ಕಳಿಸಿದ: ಅಂಗಡಿಯಲ್ಲಿ ಕೂಡಲು ನಂಬಿಕೆಯ ಆಳು ಬೇಕು, ಸ್ವಲ್ಪ ದಿನ ಬಂದು ಇರಿ. ಮಾಸ್ತರ ಹೊರಟ. ನಾಯಿಯನ್ನು ಬಸ್ಸಿನವರು ಹತ್ತಿಸುವುದಿಲ್ಲ. ಬೀಗಿತ್ತಿ ಬಾಗಿಲೊಳಗೆ ಬಿಡುವುದಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಮೋತಿ ಹಿಂದೆಯೇ ಹೋಯಿತು. ‘ಮನೀಗೆ ಹೋಗು’ ಎಂದ, ಬಂತು. ವೈನಿಗೆ ಅವನು ಹೇಳಿ ಹೋದದ್ದು ಇಷ್ಟು: ‘ಮೋತಿನ್ನ ನೋಡ್ಕೋ.’

ಹೇಗೆ ನೋಡಿಕೊಳ್ಳಬೇಕು ಎನ್ನುವುದನ್ನು ಹೇಳಲಿಲ್ಲ.

ಮೊದಲ ದಿನ ವೈನಿ ರೊಟ್ಟಿ ಹಿಡಿದಳು, ಮೋತಿ ಮುಖ ತಿರುಗಿಸಿತು. ಎರಡನೆಯ ದಿನವೂ ಹಾಗೇ. ಅವನ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಹಿಡಿದಳು. ಅವನ ಚಪ್ಪಲಿಯ ಹತ್ತಿರ ಕೂತು ಹಿಡಿದಳು. ಮಾಳಿಗೆಗೆ ಒಯ್ದು ಹಿಡಿದಳು. ನಾನೂ ಹೋಗಿ ಬೈದು ಹಿಡಿದೆ, ಮುದ್ದು ಮಾಡಿ ಹಿಡಿದೆ, ಬಾಯಿ ಅಗಲಿಸಿ ತುರುಕಿದೆ. ತುರುಕಿದ್ದನ್ನು ಅದು ನಾಲಗೆಯಿಂದ ಹೊರಗೆ ದಬ್ಬಿ ನನ್ನ ಮುಖವನ್ನೇ ನೋಡಿತು. ಬೇಡವೆಂದು ಅಲ್ಲ. ಬಾಯಿಂದ ನೀರು ಸುರಿಯುತ್ತಿತ್ತು. ಹಸಿದವರನ್ನು ನಾನು ಕಂಡಿದ್ದೇನೆ. ಅದು ವ್ರತ ಹಿಡಿದವರ ಮುಖವಲ್ಲ.

ಬಸ್ಸಿನ ಕಂಡಕ್ಟರನ ಕೈಯಲ್ಲಿ ಹುಮನಾಬಾದಿಗೆ ಹೇಳಿ ಕಳಿಸಿದೆವು. ‘ಆತು, ಬರ್ತೀನಂದ್ರು’ ಎಂದು ಮರುದಿನ ಕಂಡಕ್ಟರ ಹೇಳಿದ. ಬರಲಿಲ್ಲ. ಮತ್ತೆ ಹೇಳಿ ಕಳಿಸಿದೆವು. ‘ಗೊತ್ತದಂತ’ ಎಂದ.

ಅಷ್ಟರಲ್ಲಿ ಮೋತಿ ಎದ್ದು ನಿಂತರೆ ಹಿಂಗಾಲು ನಡುಗತೊಡಗಿತ್ತು. ಒಂದು ಮಧ್ಯಾಹ್ನ ಬಾಗಿಲ ಮುಂದೆ ಬಿದ್ದುಬಿಟ್ಟಿತು. ‘ಸತ್ತಂಗ ಬಿದ್ದದ, ಸತ್ತಂಗ ಬಿದ್ದದ!’ ಎಂದು ಮಕ್ಕಳು ಚಪ್ಪಾಳೆ ಹೊಡೆದರು. ವೈನಿ ನನ್ನ ಸೆರಗು ಹಿಡಿದುಕೊಂಡಳು.

‘ತಂಗಿ, ಇದು ಸತ್ರ ನಾನೇ ಕೊಂದೆ ಅಂತಾರ ಅವ್ರು. ಟೈಗರ್ ಸತ್ತಾಗ ವಿಷಾ ಹಾಕಿದವ್ರನ್ನ ಬಿಟ್ಟು ಆರು ತಿಂಗಳು ನನ್ನ ಜೋಡಿ ಮಾತಾಡಿಲ್ಲ. ಯಾಕ ಹೊರಗ ಬಿಟ್ಟಿ ಅಂತ.’

ಬಂದ ಗಂಡಸರು ನೋಡಿ ಏನು ಮಾಡಿದರು? ಮೂಲೆಯ ಕಿರಾಣಿ ಅಂಗಡಿಯವ ಮೊದಲು ಬಂದ. ಸೊಂಟಕ್ಕೆ ಕೈ ಇಟ್ಟು ನಿಂತು ನೋಡಿದ. ‘ಇದು ನಾಯಿ ಅಲ್ರೀ’ ಎಂದ. ‘ಯಜಮಾನನ ಸಲುವಾಗಿ ಅನ್ನ ಬಿಟ್ಟದ. ಇದು ಕಲ್ಯಾಣದ ಮಣ್ಣಿನ ಗುಣ. ಹಿಂದಿನ ಯಾವ ಶರಣರೋ, ಯಾರಿಗೆ ಗೊತ್ತು!’ ತನ್ನ ಹಣೆಯ ವಿಭೂತಿಯನ್ನು ಬೆರಳಿನಿಂದ ಒರೆಸಿ ಮೋತಿಯ ಹಣೆಗೆ ಹಚ್ಚಿದ. ಅಷ್ಟೇ ಸಾಕಾಯಿತು. ಸಂಜೆಗೆ ಪಕ್ಕದ ಓಣಿಯವರು ಬಂದರು. ಮರುದಿನ ಮುಡಬಿಯಿಂದ ಒಂದು ಬಸ್ಸಿನ ತುಂಬ ಜನ. ಕಾಯಿ ಒಡೆದರು, ಊದುಬತ್ತಿ ಹಚ್ಚಿದರು. ಕಾಯಿ ಯಾರ ಅಂಗಡಿಯವು ಎಂದು ನಾನು ಹೇಳಬೇಕಾಗಿಲ್ಲ. ಹೂರಣದ ಹೋಳಿಗೆ ತಂದವರಿದ್ದರು, ಹಾಲು ತಂದವರಿದ್ದರು. ಬಗ್ಗಿ ಭಕ್ತಿಯಿಂದ ಕೈಚಾಚಿ ಹಿಡಿಯುವರು, ಅದು ಮುಖ ತಿರುಗಿಸುವುದು, ‘ನೋಡಿದ್ರ್ಯಾ, ನೋಡಿದ್ರ್ಯಾ!’ ಎಂದು ಕೈಮುಗಿಯುವರು. ನಾಲ್ಕು ಮನೆಯ ಹಬ್ಬದ ಅಡಿಗೆ ಸುತ್ತ ಬಿದ್ದಿತ್ತು. ನಡುವೆ ಆ ಪ್ರಾಣಿ ಎಲುಬು ಎಣಿಸುವ ಹಾಗೆ ಮಲಗಿತ್ತು. ತಾಳ ಹಿಡಿದು ಭಜನೆಯವರು ಬಂದು ಕೂತಾಗ ನನಗೆ ತಡೆಯಲಾಗಲಿಲ್ಲ.

‘ಭಜನಿ ಮಾಡೂ ಬಾಯಿಲೆ ಒಂದೀಟು ಮಾಸ್ತರನ್ನ ಕರೀರಿ. ನಿಮ್ಮ ಮನ್ಯಾಗ ಕೂಸು ಉಣ್ಣಲಿಲ್ಲಂದ್ರ ಹಿಂಗೇ ತಾಳಾ ಬಾರಸ್ತೀರೇನು?’

‘ಗಿರಣಿಬಾಯಿ, ನಿನಗ ತಿಳ್ಯಾಂಗಿಲ್ಲ ಇದು’ ಎಂದ ಅಂಗಡಿಯವ. ‘ಭಕ್ತಿ ಅಂದ್ರ ಹಿಟ್ಟು ಬೀಸಿದಂಗಲ್ಲ.’

ನಾನೇ ಹೊರಟೆ. ಗಂಡನಿಗೆ ಗಿರಣಿ ನೋಡಿಕೊಳ್ಳಲು ಹೇಳಿ ಹುಮನಾಬಾದಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿಯೂ ಅದೇ ಮಾತು. ಸಸ್ತಾಪುರ ಬಂಗ್ಲಾದಲ್ಲಿ ಹತ್ತಿದ ಒಬ್ಬ, ಕಲ್ಯಾಣದಲ್ಲಿ ನಾಯಿಯೊಂದು ಜಪ ಮಾಡಾಕತ್ತದ ಎಂದು ನನಗೇ ಹೇಳಿದ.

ಮಾರ್ಕೆಟ್ಟಿನಲ್ಲಿ ಅಳಿಯನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಎಲ್ಲಿ ಹೆಚ್ಚು ಜನ ನಿಂತಿದ್ದರೋ ಅದೇ. ತೊಗರಿಯ ಚೀಲಗಳ ನಡುವೆ ಗಾದಿಯ ಮೇಲೆ ಮಾಸ್ತರ ಕೂತಿದ್ದ. ಹಮಾಲರು, ದಲಾಲರು, ಗಾಡಿ ಹೊಡೆದುಕೊಂಡು ಬಂದ ಒಕ್ಕಲಿಗರು ಸುತ್ತ ನಿಂತಿದ್ದರು. ನನ್ನನ್ನು ನೋಡಿ ಅವನ ಮುಖ ಅರಳಿತು.

‘ಬರ್ರಿ ಬರ್ರಿ! ನೋಡ್ರೆಪಾ, ನಮ್ಮ ಓಣಿಯವ್ರೇ ಬಂದ್ರು. ಇವರನ್ನೇ ಕೇಳ್ರಿ, ನಾ ಹೇಳಿದ್ದು ಖರೇನೋ ಸುಳ್ಳೋ. ಇನ್ನೂ ತಿಂದಿಲ್ಲಲಾ ಮೋತಿ?’

‘ತಿಂದಿಲ್ಲ. ನಿಲ್ಲಾಕ ಆಗವಲ್ದು ಅದಕ. ನಡೀರಿ, ಈಗಿನ ಬಸ್ಸಿಗೇ ಹೋಗೂಣು.’

‘ಕೇಳಿದ್ರ್ಯಾ!’ ಎಂದು ಜನರ ಕಡೆ ತಿರುಗಿದ. ನನ್ನ ಮಾತಿನ ಅರ್ಧ ಮಾತ್ರ ಅವನಿಗೆ ಬೇಕಾಗಿತ್ತು.

‘ಮಾಸ್ತರ್ರ, ಸಾಯ್ತದ ಅದು.’

‘ಸಾಯಾಂಗಿಲ್ಲ. ನನಗ ಗೊತ್ತದ ಅದರ ತಾಕತ್ತು. ಮೋತಿ ಈಗ ಪರೀಕ್ಷಾಕ ಕುಂತಾನ ಗಿರಣಿಬಾಯಿ. ನಡುವ ಎಬ್ಬಿಸಬಾರದು.’

‘ಹ್ಯಾಂಗ ತಿನ್ನಿಸಬೇಕು, ಅದಾರ ಹೇಳ್ರಿ. ನಾ ಹೋಗಿ ತಿನ್ನಿಸ್ತೀನಿ.’

ನಕ್ಕ. ಕೊರಳ ಸೀಟಿಯನ್ನು ಬೆರಳಿಗೆ ಸುತ್ತುತ್ತ ನಕ್ಕ. ‘ಇಷ್ಟ ಮಂದ್ಯಾಗ ಉಸ್ತಾದನ ಪಟ್ಟು ಕೇಳ್ತಾರ ನೋಡ್ರೆಪಾ!’ ಎಂದ. ಹಮಾಲರೂ ನಕ್ಕರು.

ಅಲ್ಲಿಯವರೆಗೆ ನಾನು ಅವನನ್ನು ಹಟಮಾರಿ ಎಂದಷ್ಟೇ ಅಂದುಕೊಂಡಿದ್ದೆ. ಅಂದು ಗೊತ್ತಾಯಿತು. ಸುದ್ದಿ ಅವನಿಗೆ ಮೊದಲಿನಿಂದಲೂ ಮುಟ್ಟಿತ್ತು. ಕಂಡಕ್ಟರ ತಪ್ಪದೆ ಹೇಳುತ್ತಿದ್ದ. ಟೈಗರಿಗಾಗಿ ನಡು ಓಣಿಯಲ್ಲಿ ಅತ್ತವನೇ ಇವನು. ಮೋತಿ ಎಷ್ಟು ದಿನ ಹಸಿದರೆ ತನ್ನ ಹೆಸರು ಎಷ್ಟು ದೂರ ಹೋದೀತೆಂದು ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತ ನೋಡುತ್ತಿದ್ದ.

ಅಂಗಡಿಯ ಹಿಂದೆಯೇ ಮನೆ. ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ‘ಕಾಕು, ಒಳಗ ಬರ್ರಿ. ಉಂಡು ಹೋಗ್ರಿ’ ಎಂದಳು. ಬೇಡವೆಂದೆ. ಕೈ ಹಿಡಿದು ಎಳೆದೊಯ್ದಳು. ತಾಟು ಇಟ್ಟಳು, ಪುಂಡಿಪಲ್ಯ ಬಡಿಸಿದಳು. ಆಮೇಲೆ ಒಂದು ರೊಟ್ಟಿ ಎತ್ತಿ ಎಡಗೈಯಿಂದ ನನ್ನ ಕಡೆಗೆ ಚಾಚಿದಳು.

ನನ್ನ ತಲೆಗೆ ಏರಿತು. ಮನೆಗೆ ಬಂದವರಿಗೆ ಎಡಗೈಯಿಂದ ಅನ್ನ ನೀಡುವುದೆಂದರೆ! ನಮ್ಮ ಕಡೆ ಭಿಕ್ಷುಕನಿಗೂ ಹಾಗೆ ಹಾಕುವುದಿಲ್ಲ. ಕೈಲಾಗದ ಮುದುಕಿ ಸಹ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ನೀಡುತ್ತಾಳೆ.

‘ಏನ ಗ ಇದು? ಅಪ್ಪ ಹೊರಗ ಮಾನಾ ಕಳದ, ನೀ ಒಳಗ ಕಳೀತಿಯೇನು? ಬಲಗೈಗೆ ಏನ್ ಧಾಡಿ ಬಂದದ ನಿನಗ?’

ಅವಳು ಕೈ ಹಿಂದೆಗೆಯಲಿಲ್ಲ. ಅಂಗಡಿಯ ಬಾಗಿಲ ಕಡೆ ಒಮ್ಮೆ ನೋಡಿದಳು. ರೊಟ್ಟಿಯನ್ನು ಬಲಗೈಗೆ ಬದಲಿಸಿ ಹಿಡಿದು, ತಾನೇ ಮೋತಿಯ ಹಾಗೆ ಮುಖ ಆ ಕಡೆ ತಿರುಗಿಸಿದಳು. ಮತ್ತೆ ಎಡಗೈಗೆ ತಂದು ನನ್ನ ಮುಂದೆ ಚಾಚಿದಳು. ಕಣ್ಣಲ್ಲಿ ನೀರು ತುಂಬಿತ್ತು.

‘ಮರಿ ಇದ್ದಾಗ ಮಾಳಿಗಿ ಮ್ಯಾಲ ಕದ್ದು ನೋಡಿದ್ದೆ ಕಾಕು. ಅಪ್ಪಾ ತನ್ನ ಮ್ಯಾಲ ಆಣಿ ಹಾಕ್ಸ್ಕೊಂಡಾನ, ಬಾಯಿ ಬಿಟ್ಟು ಯಾರಿಗೂ ಹೇಳಬಾರದಂತ. ಅವ್ವಗ ಗೊತ್ತದ ಅಂತ ತಿಳದಿದ್ದೆ ನಾ. ನೋಡ್ರಿ, ಈಗೂ ನಾ ಏನೂ ಹೇಳಿಲ್ಲ.’

ತಾಟು ಬಿಟ್ಟು ಎದ್ದೆ. ಎಂಥ ತಲೆ ನೋಡಿ! ವಿಷ ಹಾಕುವವನೂ ಬಲಗೈಯಿಂದಲೇ ಹಾಕುತ್ತಾನೆ. ಸರಿ. ಆದರೆ ಅನ್ನ ಹಾಕುವವರೂ ಬಲಗೈಯಿಂದಲೇ ಹಾಕುತ್ತಾರಲ್ಲ. ಇಡೀ ಕಲ್ಯಾಣದಲ್ಲಿ, ಮುಡಬಿಯಲ್ಲಿ, ಈ ಭೂಮಿಯ ಮೇಲೆ, ಮರ್ಯಾದೆ ಇದ್ದ ಯಾವ ಮನುಷ್ಯನೂ ಎಡಗೈಯಿಂದ ಅನ್ನ ಹಿಡಿಯುವುದಿಲ್ಲ. ಭಕ್ತಿ ಹೆಚ್ಚಾದಷ್ಟೂ ಬಲಗೈ ಮುಂದೆ ಬರುತ್ತದೆ. ನಮ್ಮ ಮರ್ಯಾದೆಯಿಂದಲೇ ನಾಯಿಯ ಬಾಯಿಗೆ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲಿಟ್ಟುಕೊಂಡು ಹುಮನಾಬಾದಿಗೆ ಬಂದು ಕೂತಿದ್ದ.

ಅವನಿಗೆ ಹೇಳದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಡ್ರೈವರನಿಗೆ ಜಲ್ದಿ ನಡೆಸು ಎಂದು ಬೈದೆ.

ಓಣಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಭಜನೆ ಜೋರಾಗಿತ್ತು. ಒಲೆಯ ಮೇಲಿದ್ದ ಹಾಲಿಗೆ ರೊಟ್ಟಿ ಮುರಿದು ಹಾಕಿ ಕಲಸಿ, ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಹೋದೆ. ಮೋತಿಯ ಕಣ್ಣು ಅರ್ಧ ಮುಚ್ಚಿದ್ದವು. ಹಣೆಯ ತುಂಬ ವಿಭೂತಿ, ಮೈಮೇಲೆ ಹೂವು. ಕೂತು ಎಡಗೈಯಲ್ಲಿ ಒಂದು ತುತ್ತು ತೆಗೆದು ಮೂಗಿನ ಹತ್ತಿರ ಹಿಡಿದೆ.

‘ಎಡಗೈಲೆ! ಛೀ!’ ಎಂದು ಯಾರೋ ಅಂದರು. ‘ದೇವರಂಥಾ ಪ್ರಾಣಿಗೆ ಎಡಗೈಲೆ ಇಡಾಕತ್ತಾಳ, ನಾಚಿಕಿ ಇಲ್ಲದಾಕಿ!’ ಯಾರೋ ನನ್ನ ಭುಜ ಹಿಡಿದು ಎಳೆದರು. ನಾನು ಕದಲಲಿಲ್ಲ.

ಮೋತಿಯ ಮೂಗು ಅಲುಗಿತು. ತಲೆ ಎತ್ತಲು ಹೋಗಿ ಬಿತ್ತು, ಮತ್ತೆ ಎತ್ತಿತು. ನಾಲಗೆ ಚಾಚಿ ನನ್ನ ಅಂಗೈಯನ್ನು ನೆಕ್ಕಿತು. ಆಮೇಲೆ ತಿಂದಿತು.

ತಾಳ ನಿಂತಿತು. ಅಷ್ಟು ಜನರಲ್ಲಿ ಒಬ್ಬರ ಮುಖದ ಮೇಲಾದರೂ ಸಂತೋಷ ಕಾಣಬಾರದೆ? ಸೂತಕದ ಮನೆಯ ಹಾಗೆ ನಿಂತಿದ್ದರು.

‘ವ್ರತಾ ಕೆಡಿಸಿದಿ’ ಎಂದ ಕಿರಾಣಿ ಅಂಗಡಿಯವ. ‘ನಾಳಿಗೆ ಇನ್ನೂ ಮಂದಿ ಬರಾವ್ರಿದ್ರು.’

‘ಬರ್ಲಿ. ನಿನ್ನ ಹಣಿಗೆ ವಿಭೂತಿ ಹಚ್ಚಿ ಇಲ್ಲೇ ಮಲಗಸ್ತೀನಿ. ನೀನೂ ಅನ್ನ ಬಿಡು, ಕಾಯಿ ನಾ ಮಾರ್ತೀನಿ.’

ವೈನಿ ಬಂದು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಎಡಗೈಯಲ್ಲಿ ತುತ್ತು ಹಿಡಿಯಲು ಅವಳಿಗೆ ಬರಲಿಲ್ಲ, ಬೆರಳ ಸಂದಿಯಿಂದ ಚೆಲ್ಲಿತು. ಮೋತಿ ಆ ಬೆರಳುಗಳನ್ನೂ ನೆಕ್ಕಿತು. ‘ಇಷ್ಟೇನಾ?’ ಎಂದಳು. ಇನ್ನೊಂದು ತುತ್ತು ಹಿಡಿದು ಮತ್ತೆ ಕೇಳಿದಳು: ‘ಇಷ್ಟೇನಾ, ತಂಗಿ?’

ಕೊನೆಯ ಬಸ್ಸಿಗೆ ಮಾಸ್ತರ ಬಂದ. ನಾನು ಹೇಳದೆ ಹೊರಟದ್ದು ಅವನಿಗೆ ಸಂಶಯ ಹುಟ್ಟಿಸಿರಬೇಕು. ಬಾಗಿಲಲ್ಲಿ ಇನ್ನೂ ಜನ ಕೂತಿದ್ದರು. ಮೋತಿಯ ಮುಂದೆ ಖಾಲಿ ಬಟ್ಟಲು ಕಂಡು ಅವನ ಮುಖ ಇಳಿದು ಹೋಯಿತು. ಅದು ಅವನ ಸದ್ದು ಕೇಳಿ, ನಿಲ್ಲಲಾಗದೆ, ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಅವನ ಪಾದದ ಮೇಲೆ ತಲೆ ಇಟ್ಟಿತು. ಅವನು ನೋಡಿದ್ದು ಜನರನ್ನು. ನೋಡುತ್ತ ನೋಡುತ್ತ ಮತ್ತೆ ಎದೆ ಉಬ್ಬಿತು.

‘ನಾನೇ ಅಪ್ಪಣಿ ಕೊಟ್ಟು ಕಳಿಸಿದ್ದು’ ಎಂದ. ‘ಗಿರಣಿಬಾಯಿ ಹುಮನಾಬಾದಿಗೆ ಬಂದು ನನ್ನ ಅಪ್ಪಣಿ ತಂದ್ಲು. ಆಮ್ಯಾಲ ತಿಂತು.’

‘ಹಾಂ! ಯಜಮಾನನ ಅಪ್ಪಣಿಗೆ ಕಾದಿತ್ತು!’ ಎಂದ ಅಂಗಡಿಯವ. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ನಾನು ಸುಳ್ಳು, ಸುಳ್ಳು ಎಂದು ಒದರಿದೆ. ಆ ಗದ್ದಲದಲ್ಲಿ ಯಾರು ಕೇಳುತ್ತಾರೆ? ಕೈಮುಗಿದು ಎದ್ದು ಹೋದರು.

ಎಲ್ಲರೂ ಹೋದ ಮೇಲೆ ಮಾಸ್ತರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. ‘ಯಾರ ಹೇಳಿದ್ರು ನಿನಗ?’

‘ಯಾರೂ ಬಾಯಿ ಬಿಟ್ಟಿಲ್ಲ.’

‘ಆತು. ಈ ಪಟ್ಟು ಹಾಳಾತು’ ಎಂದ. ಮೋತಿಯ ಕಪ್ಪು ಕಿವಿಯನ್ನು ಹಿಡಿದು ಮೃದುವಾಗಿ ಹಿಂಡಿದ. ‘ನಾಳಿಂದ ಮಾಳಿಗಿಗೆ ಒಯ್ತೀನಿ. ಬ್ಯಾರೆ ಕಲಿಸ್ತೀನಿ. ಈ ಸಲ ಯಾರಿಗೂ ಹತ್ತಾಂಗಿಲ್ಲ.’

ವೈನಿ ಬಾಗಿಲ ಹಿಂದೆ ನಿಂತಿದ್ದಳು. ನನ್ನನ್ನು ನೋಡಿದಳು.

ಮರುದಿನ ಬೆಳಿಗ್ಗೆ ನಾನು ಗಿರಣಿ ಹಚ್ಚಲಿಲ್ಲ. ಒಂದು ಬುಟ್ಟಿ ರೊಟ್ಟಿ ಬಡಿದೆ. ಓಣಿಯ ಒಂದೊಂದೇ ಬಾಗಿಲು ಬಡಿದು, ಅತ್ತೆ, ಸೊಸೆ, ಬಾಣಂತಿ, ಮುದುಕಿ, ಲಂಗದ ಹುಡುಗಿ ಎನ್ನದೆ ಎಲ್ಲರನ್ನೂ ಹೊರಗೆ ಕರೆದು ಒಬ್ಬೊಬ್ಬರ ಎಡಗೈಯಲ್ಲಿ ಒಂದೊಂದು ತುಂಡು ಇಟ್ಟೆ. ‘ಎಡಗೈಲೇನ?’ ಎಂದು ಕೇಳಿದವರಿಗೆಲ್ಲ, ‘ಹೌದು, ಎಡಗೈಲೇನೇ’ ಎಂದೆ. ಅವರೆಲ್ಲ ನನ್ನ ಹಿಂದೆ ನಿಂತಿರುವಾಗ ಮಾಸ್ತರನ ಬಾಗಿಲಿಗೆ ಹೋಗಿ, ಅವನು ಚಹಾ ಕುಡಿಯುತ್ತ ನೋಡುತ್ತಿದ್ದಂತೆಯೇ, ವೈನಿಯ ಎಡಗೈ ಹಿಡಿದು ಅದರಲ್ಲಿ ಒಂದು ಇಡೀ ರೊಟ್ಟಿ ಇಟ್ಟು, ‘ಮೋತಿಗೆ ಮೊದಲ ನೀವು ಹಾಕ್ರಿ ವೈನಿ’ ಎಂದೆ.